ಹಿಡಿದು ಬಿಡುವ ಕೆಲಸ

ಗಲ್ಫಿನಲ್ಲಿ ನಾನು ಮೀನು ಹಿಡಿಯುತ್ತಿದ್ದೆ ಎಂದು ನಮ್ಮ ಹೆಜಮಾಡಿಯಲ್ಲಿ ಎಲ್ಲರೂ ತಿಳಿದಿದ್ದಾರೆ. ಅದು ಪೂರ್ತಿ ಸರಿಯಲ್ಲ. ನಾನು ಮೀನು ಹಿಡಿಸುತ್ತಿದ್ದೆ. ಹಿಡಿಯುವವರು ಬೇರೆ: ಬ್ಯಾಂಕಿನವರು, ತೈಲ ಕಂಪನಿಯವರು, ವಿಮಾನದ ಪೈಲಟ್‌ಗಳು, ರಜೆಗೆ ಬಂದ ಜರ್ಮನರು. ಅವರನ್ನು ಬೋಟಿನಲ್ಲಿ ಕೂರಿಸಿಕೊಂಡು ಮೀನಿರುವ ಜಾಗಕ್ಕೆ ಕರೆದೊಯ್ದು, ರಾಡಿಗೆ ದಾರ ಕಟ್ಟಿ ಕೊಟ್ಟು, ಎಲ್ಲಿಗೆ ಎಸೆಯಬೇಕೆಂದು ಬೆರಳು ತೋರಿಸಿ, ಸಿಕ್ಕ ಮೀನನ್ನು ಫೋಟೋ ಆದ ಮೇಲೆ ಮತ್ತೆ ನೀರಿಗೆ ಬಿಡುವುದು ನನ್ನ ಕೆಲಸ. ಫಿಶಿಂಗ್ ಗೈಡ್ ಎನ್ನುತ್ತಾರೆ. ಈಗ ನಮ್ಮ ಕಡೆಯ ಕೆಲವು ಹುಡುಗರು ಅದೇ ಕೆಲಸಕ್ಕೆ ಹೊರಟಿದ್ದಾರೆ. ವೀಸಾ ಕೈಗೆ ಬಂದ ಮೇಲೆ ನಮ್ಮ ಜಗಲಿಗೆ ಬಂದು, “ಹೇಗುಂಟು ಭಾಸ್ಕರಣ್ಣ ಆ ಕೆಲಸ?” ಎಂದು ಕೇಳುತ್ತಾರೆ. ಬಾಯಲ್ಲಿ ಹೇಳಿದರೆ ಅರ್ಧ ಮರೆತುಹೋಗುತ್ತದೆ, ಇನ್ನರ್ಧ ಬಡಾಯಿಯಾಗುತ್ತದೆ. ಅದಕ್ಕೇ ಬರೆಯಲು ಕೂತಿದ್ದೇನೆ.

ತೊಂಬತ್ತರ ದಶಕದ ಮೊದಲ ವರ್ಷಗಳಲ್ಲಿ ನಾನು ದುಬೈಗೆ ಹೋದೆ. ಅಲ್ ಮುರಕ್ಕಬಾತ್‌ನ ಒಂದು ಹೋಟೆಲಿನ ಮೇಲಿನ ಕೋಣೆಯಲ್ಲಿ ನಮ್ಮ ಕಡೆಯವರೇ ಆರು ಮಂದಿ ಒಟ್ಟಿಗಿದ್ದೆವು. ಊರೊಳಗೆ ಚಾಚಿದ ಕ್ರೀಕ್ ಎಂಬ ಕಡಲ ಹಿನ್ನೀರಿನಿಂದ ಪ್ರವಾಸಿಗರನ್ನು ಕಡಲಿಗೆ ಒಯ್ಯುವ ಬೋಟಿನಲ್ಲಿ ಕೈಯಾಳಾಗಿ ಸೇರಿಕೊಂಡೆ. ಬೋಟುಗಳ ಮ್ಯಾನೇಜರ್ ಗ್ರಹಾಂ ಎಂಬ ಇಂಗ್ಲಿಷಿನವರು. ಕೆಂಪು ಮುಖ, ಕಮ್ಮಿ ಮಾತು. ಹಗ್ಗ ಸರಿಯಾಗಿ ಸುತ್ತಿಡದಿದ್ದರೆ ಬೈಯುತ್ತಿರಲಿಲ್ಲ. ತಾವೇ ಬಗ್ಗಿ ಸುತ್ತಿಡುತ್ತಿದ್ದರು. ಬೈಗುಳಕ್ಕಿಂತ ಅದೇ ಹೆಚ್ಚು ನಾಟುತ್ತಿತ್ತು.

ಮೊದಲ ವಾರವೇ ನಾನು ಒಂದು ಎಡವಟ್ಟು ಮಾಡಿದೆ. ಗಿರಾಕಿ ಒಬ್ಬ ಜರ್ಮನ್ ಮುದುಕ. ಅವನ ಗಾಳಕ್ಕೆ ಒಂದು ದೊಡ್ಡ ಅಂಜಲ್ ಮೀನು ಬಿತ್ತು. ರೀಲು ಕಿರ್ರೆಂದು ಬಿಚ್ಚಿಕೊಂಡು ಓಡುತ್ತಿದೆ, ಮುದುಕ ತಡಬಡಾಯಿಸುತ್ತಿದ್ದಾನೆ. ನಾನು ಕೈರಂಪಣಿ ಬಲೆ ಎಳೆದು ಬೆಳೆದವನು; ಮೀನು ತಪ್ಪಿಹೋಗುವುದನ್ನು ನೋಡುತ್ತ ನಿಲ್ಲುವುದು ನನ್ನ ರಕ್ತದಲ್ಲೇ ಇಲ್ಲ. ರಾಡು ಅವನ ಕೈಯಿಂದ ಕಸಿದುಕೊಂಡು, ಹಿಂದಕ್ಕೆ ವಾಲಿ ಎಳೆದೆಳೆದು, ಅವನು ಉಸಿರು ತೆಗೆದುಕೊಳ್ಳುವುದರೊಳಗೆ ಮೀನನ್ನು ಬೋಟಿನೊಳಗೆ ಹಾಕಿದೆ. ಶಾಭಾಸ್ ಎನ್ನುತ್ತಾನೆಂದು ತಿರುಗಿ ನೋಡಿದರೆ ಮುದುಕನ ಮುಖ ಸಪ್ಪಗಾಗಿತ್ತು. ಮೀನಿನ ಜೊತೆ ಫೋಟೋಗೂ ನಿಲ್ಲಲಿಲ್ಲ.

ಸಂಜೆ ಗ್ರಹಾಂ ಕರೆದರು. “ಆ ಮನುಷ್ಯ ಮೀನು ತಿನ್ನಲಿಕ್ಕೆ ಬಂದವನಲ್ಲ. ತಿನ್ನಬೇಕಿದ್ದರೆ ದೇರಾದ ಮೀನು ಮಾರ್ಕೆಟಿಗೆ ಹೋಗುತ್ತಿದ್ದ,” ಎಂದರು. “ಅವನಿಂದ ತಪ್ಪಿಸಿಕೊಂಡಿದ್ದರೂ ಅದು ಅವನ ಮೀನೇ ಆಗಿರುತ್ತಿತ್ತು. ನೀನು ಎಳೆದ ಮೇಲೆ ಅದು ಯಾರದೂ ಅಲ್ಲ.”

ಹುಡುಗರೇ, ಈ ಕೆಲಸದಲ್ಲಿ ಕಲಿಯಲಿಕ್ಕೆ ಕಷ್ಟವಾದದ್ದು ಇದೊಂದೇ: ಕೈ ಕಟ್ಟಿಕೊಂಡು ನಿಲ್ಲುವುದು. ಉಳಿದದ್ದೆಲ್ಲ ತಾನಾಗಿ ಬರುತ್ತದೆ.

ಕೆಲವು ವರ್ಷಗಳಾದ ಮೇಲೆ ಗ್ರಹಾಂ ಅಬುಧಾಬಿಯಲ್ಲಿ ಸ್ವಂತ ಜವಾಬ್ದಾರಿಯಲ್ಲಿ ಸಣ್ಣ ಜೆಟ್ಟಿ ನಡೆಸಲು ಹೊರಟಾಗ ನನ್ನನ್ನೂ ಕರೆದುಕೊಂಡು ಹೋದರು. ಅಲ್ಲಿ ಕಡಲಿಗೆ ಹೋಗುವುದು ಕಡಿಮೆ. ಊರಿನ ಅಂಚಿನಲ್ಲಿ, ಉಪ್ಪುನೀರಿನಲ್ಲೇ ಬೇರು ಬಿಡುವ ಕಾಂಡ್ಲಾ ಗಿಡಗಳ ಹಿಂದೆ, ಕಡಲು ಒಳಗೆ ಚಾಚಿಕೊಂಡು ಕೆರೆಯ ಹಾಗೆ ನಿಂತ ದೊಡ್ಡ ಹಿನ್ನೀರಿತ್ತು. ಅಲ್ಲಿಯವರು ಅದನ್ನು ಖೋರ್ ಎನ್ನುತ್ತಿದ್ದರು. ಒಳಗೆ ಬರಲು ಒಂದೇ ಬಾಯಿ, ನಮ್ಮ ಜೆಟ್ಟಿ ಅದರ ಹೊರಗೆ. ಆಳ ಹೆಚ್ಚೇನಿಲ್ಲ, ಇಳಿತದ ಹೊತ್ತಿನಲ್ಲಿ ಬೋಟಿನ ನೆರಳು ಮರಳಿನ ಮೇಲೆ ನಮ್ಮ ಜೊತೆಗೇ ಸರಿಯುವುದು ಕಾಣುತ್ತಿತ್ತು.

ಬೇಸಿಗೆಯಲ್ಲಿ ಆ ನೀರಿಗೆ ಕೈ ಹಾಕಿದರೆ ಬಿಸಿ ಸಾರಿನೊಳಗೆ ಹಾಕಿದ ಹಾಗೆ. ಮೀನು ಇರುತ್ತಿರಲಿಲ್ಲ. ದೀಪಾವಳಿ ಕಳೆದು, ಬೆಳಿಗ್ಗೆ ಕೈಗಳಿಗೆ ಸಣ್ಣ ಚಳಿ ತಾಗತೊಡಗಿದಾಗ ಕ್ವೀನ್‌ಫಿಶ್‌ಗಳು ಹಿಂಡುಹಿಂಡಾಗಿ ಒಳಗೆ ಬರುತ್ತಿದ್ದವು. ಬೆಳ್ಳಿ ಬಣ್ಣದ ಚಪ್ಪಟೆ ಮೀನು, ಪಕ್ಕೆಯಲ್ಲಿ ಸಾಲಾಗಿ ಬೆರಳೊತ್ತಿದ ಹಾಗೆ ಕಪ್ಪು ಗುರುತುಗಳು. ಗಾಳಕ್ಕೆ ಸಿಕ್ಕಿದರೆ ನೀರಿನಿಂದ ಪೂರ್ತಿ ಮೇಲಕ್ಕೆ ಹಾರಿ ತಲೆ ಕೊಡವುತ್ತದೆ. ಹತ್ತರಲ್ಲಿ ನಾಲ್ಕು ಹಾಗೆಯೇ ತಪ್ಪಿಸಿಕೊಳ್ಳುತ್ತವೆ. ಗಿರಾಕಿಗಳಿಗೆ ಅದೇ ಬೇಕಾದದ್ದು.

ಸಿಕ್ಕಿದ್ದನ್ನೂ ಬಿಡಬೇಕು, ಅದು ಗ್ರಹಾಂ ಅವರ ಕಟ್ಟಪ್ಪಣೆ. ಮೀನಿನ ಬಾಯಿ ಹರಿಯದಂತೆ ಗಾಳದ ಹಿಮ್ಮುಳ್ಳನ್ನು ಮೊದಲೇ ಇಕ್ಕುಳದಿಂದ ಒತ್ತಿ ಸಪಾಟು ಮಾಡಿಡಬೇಕು. ಒಣ ಕೈಯಲ್ಲಿ ಮೀನು ಮುಟ್ಟಬಾರದು. ಬಿಡುವ ಮೊದಲು ನೀರಿನಲ್ಲಿ ಎರಡು ಕೈಯಲ್ಲಿ ಹಿಡಿದು ಅದಕ್ಕೆ ಉಸಿರು ಮರಳುವವರೆಗೆ ಕಾಯಬೇಕು. ಊರಿಗೆ ಫೋನ್ ಮಾಡಿ ಇದನ್ನೆಲ್ಲ ಹೇಳಿದಾಗ ಅಪ್ಪ, “ಮೀನು ಸಿಗದಿದ್ದರೆ ಸಿಗಲಿಲ್ಲ ಅಂತ ಹೇಳು ಮಗಾ. ಬಿಟ್ಟೆ ಅಂತ ಸುಳ್ಳು ಹೇಳಬೇಡ,” ಎಂದರು. ಅವರು ಕೊನೆಯವರೆಗೂ ನಂಬಲಿಲ್ಲ.

ಆ ಖೋರಿನ ಮೂಲೆಗಳಿಗೆ ಹೆಸರಿರಲಿಲ್ಲ. ಗಿರಾಕಿ ಇಲ್ಲದ ಹೊತ್ತಿನಲ್ಲಿ ಒಬ್ಬನೇ ಸುತ್ತುತ್ತ ನಾನೇ ಇಟ್ಟುಕೊಂಡೆ. ನೀರು ಸುತ್ತಿ ತಿರುಗುವ ಒಂದು ಕಡೆಗೆ ಗಾಣ ಎಂದೆ. ದೊಡ್ಡ ಮೀನು ಒಂಟಿಯಾಗಿ ನಿಲ್ಲುತ್ತಿದ್ದ ಗುಂಡಿ ಗುರಿಕಾರನ ಮನೆ. ಸದಾ ದಾರ ಸಿಕ್ಕಿಹಾಕಿಕೊಳ್ಳುತ್ತಿದ್ದ ಕಾಂಡ್ಲಾ ಬೇರುಗಳ ಸಾಲು ಅತ್ತೆಯ ಜಡೆ. ಈ ಹೆಸರುಗಳನ್ನು ನಾನು ಯಾರಿಗೂ ಕಲಿಸಲಿಲ್ಲ. ನನ್ನ ಹತ್ತಿರ ಆ ಕಾಲದ ಫೋಟೋಗಳು ಒಂದು ಪೆಟ್ಟಿಗೆ ತುಂಬ ಇವೆ. ಪ್ರತಿಯೊಂದರಲ್ಲೂ ಮುಂದೆ ಒಬ್ಬ ಗಿರಾಕಿ ಮೀನು ಹಿಡಿದು ನಗುತ್ತಿದ್ದಾನೆ. ಖೋರು ಅವನ ಭುಜದ ಸಂದಿಯಲ್ಲಿ ಒಂದು ಚೂರು ಕಾಣುತ್ತದೆ, ಅಷ್ಟೆ. ಬರೀ ನೀರಿನ ಒಂದು ಫೋಟೋ ತೆಗೆದಿಡಬೇಕೆಂದು ಆಗ ತೋಚಲೇ ಇಲ್ಲ.

ಅಂಗಡಿ ಸಾರ್ ಬಂದದ್ದು ಅಂಥ ಒಂದು ನವೆಂಬರಿನಲ್ಲಿ. ಈರಣ್ಣ ಅಂಗಡಿ, ಬಾಗಲಕೋಟೆಯ ಕಡೆಯ ಎಂಜಿನಿಯರ್. ಜೆಟ್ಟಿಗೆ ಬಂದು ಗ್ರಹಾಂ ಜೊತೆ ಇಂಗ್ಲಿಷಿನಲ್ಲಿ ಮಾತನಾಡುತ್ತಿದ್ದವರು, ನಾನು ಫೋನಿನಲ್ಲಿ ಯಾರಿಗೋ ಕನ್ನಡದಲ್ಲಿ ಹೇಳುತ್ತಿದ್ದುದನ್ನು ಕೇಳಿ ತಿರುಗಿದರು.

“ಅಯ್ಯ, ನೀವು ನಮ್ಮಾವ್ರ ಏನ್ರಿ! ಯಾವೂರ್ರಿ?”

“ಉಡುಪಿ ಜಿಲ್ಲೆ ಸಾರ್, ಹೆಜಮಾಡಿ.”

“ಹಂಗಾರ ಚಲೋ ಆತು. ನೋಡ್ರಿ, ನಾವು ಮೀನ ತಿನ್ನೂದಿಲ್ಲ. ಸಿಗಡಿ ಚುಚ್ಚಿ ಗಾಳಾ ಹಾಕೂದೂ ನನ್ನ ಕೈಲೆ ಆಗಂಗಿಲ್ಲ. ಆದ್ರೂ ಹಿಡೀಬೇಕಂತ ಆಸೆ ಐತಿ. ಏನರ ದಾರಿ ಐತೇನ್ರಿ?”

ನಾನು ನಕ್ಕುಬಿಟ್ಟೆ. “ಉಂಟು ಸಾರ್. ಪ್ಲಾಸ್ಟಿಕ್ ಮೀನು ಉಂಟು. ಯಾರೂ ಸಾಯುದಿಲ್ಲ.”

ಅಂದಿನಿಂದ ಪ್ರತಿ ವರ್ಷ ಚಳಿ ಶುರುವಾದೊಡನೆ ಶುಕ್ರವಾರಗಳಲ್ಲಿ ಅವರು ಬರುತ್ತಿದ್ದರು. ಬಟ್ಟೆಯಲ್ಲಿ ಸುತ್ತಿದ ಜೋಳದ ಕಟಿ ರೊಟ್ಟಿ, ಶೇಂಗಾ ಚಟ್ನಿ ತರುತ್ತಿದ್ದರು. ಬೋಟಿನಲ್ಲಿ ಊಟಕ್ಕೆ ಕೂರುವ ಮೊದಲು ಕೈಯನ್ನು ನಿಂಬೆಹಣ್ಣಿನಿಂದ ತಿಕ್ಕಿ ತಿಕ್ಕಿ ತೊಳೆದುಕೊಂಡು, ಮೂಸಿ ನೋಡಿ, ಮತ್ತೆ ತೊಳೆಯುವರು. ನಾನು ಕಂಡ ಗಿರಾಕಿಗಳಲ್ಲಿ ಎಸೆತದಲ್ಲಿ ಅವರಷ್ಟು ಅವಸರವಿಲ್ಲದವರು ಕಡಿಮೆ. ಮೀನು ಬಿಡುವಾಗ ಮಾತ್ರ ಏನೋ ಗುಣುಗುಣು ಹೇಳುತ್ತಿದ್ದರು. ಏನೆಂದು ನಾನು ಕೇಳಲಿಲ್ಲ.

ಒಂದು ಬೆಳಿಗ್ಗೆ ಖೋರಿನ ನಡುವೆ ಇದ್ದಾಗ ಮಂಜು ಕವಿಯಿತು. ಅಲ್ಲಿಯ ಮಂಜು ನಮ್ಮ ಕಡೆಯದರಂತಲ್ಲ. ಬೋಟಿನ ಮೂತಿಯೇ ಕಾಣುವುದಿಲ್ಲ. ಜಿಪಿಎಸ್ ಯಂತ್ರ ಇನ್ನೂ ನಮ್ಮ ಬೋಟಿಗೆ ಬಂದಿರಲಿಲ್ಲ. ನಾನು ಎಂಜಿನ್ ನಿಲ್ಲಿಸಿ ಲಂಗರು ಹಾಕಿದೆ. ಅಂಥ ಹೊತ್ತಿನಲ್ಲಿ ಗಿರಾಕಿಗಳು ಹೆದರುತ್ತಾರೆ ಅಥವಾ ಸಿಟ್ಟಾಗುತ್ತಾರೆ. ಇವರು ರೊಟ್ಟಿ ಬಿಚ್ಚಿದರು.

“ಭಾಸ್ಕರಣ್ಣ, ನಾ ಇಲ್ಲಿ ಏನ ಕೆಲಸ ಮಾಡ್ತೇನಿ ಗೊತ್ತೈತೇನು?”

“ಎಂಜಿನಿಯರ್ ಅಲ್ವಾ ಸಾರ್?”

“ನೀರಿದ್ದಲ್ಲಿ ನೆಲಾ ಮಾಡೂದು. ಸಮುದ್ರದ ತಳದಾಗಿನ ಉಸುಕು ಹೀರಿ ತಂದು ಸುರೂದು, ಸಪಾಟ ಮಾಡೂದು.” ರೊಟ್ಟಿ ಮುರಿದು ನನ್ನ ಕೈಗೆ ಕೊಟ್ಟರು. “ನಮ್ಮ ಊರು ಆಲಮಟ್ಟಿ ಹಿನ್ನೀರಾಗ ಹೋತು. ಮನಿ, ಹೊಲ, ನಾ ಕಲ್ತ ಸಾಲಿ, ಎಲ್ಲಾ ನೀರಾಗ. ನಮ್ಮವ್ವ ಬಾಗಲಾ ಕಿತ್ಕೊಂಡ ಬಂದು ಹೊಸಾ ಮನಿಗೆ ಹಚ್ಚಿಸ್ಯಾಳ. ಅಲ್ಲಿ ನೆಲಾ ನೀರಾತು, ಇಲ್ಲಿ ನಾ ನೀರು ನೆಲಾ ಮಾಡಾಕತ್ತೇನಿ. ನಗು ಬರ್ತೈತಿ ಒಮ್ಮೊಮ್ಮೆ.”

ಅವರು ನಗಲಿಲ್ಲ. ಮಂಜು ಕರಗುವವರೆಗೆ ನಾವಿಬ್ಬರೂ ರೊಟ್ಟಿ ಜಗಿಯುತ್ತ ಕೂತಿದ್ದೆವು. ಅದಾದ ಮೇಲೆ ಅವರು ನನಗೆ ಗಿರಾಕಿ ಎನಿಸಲಿಲ್ಲ.

ಈ ನಡುವೆ ಕೆಲಸದ ರೀತಿ ಬದಲಾಯಿತು. ಎರಡು ಸಾವಿರದ ಇಸವಿಯ ನಂತರ ಬೋಟುಗಳಿಗೆ ಮೀನು ತೋರಿಸುವ ಪರದೆ ಬಂತು, ಜಿಪಿಎಸ್ ಬಂತು. ಹೊಸದಾಗಿ ಬಂದ ಗೈಡ್‌ಗಳು ನೀರು ನೋಡುವುದನ್ನು ಬಿಟ್ಟು ಪರದೆ ನೋಡತೊಡಗಿದರು. ನಾನು ಮೊದಮೊದಲು ಹೀಯಾಳಿಸಿದೆ. ಆಮೇಲೆ ಮಂಜಿನಲ್ಲಿ ಅದೇ ಯಂತ್ರ ಎರಡು ಸಲ ನನ್ನ ಬೋಟನ್ನು ದಡ ಸೇರಿಸಿತು, ಹೀಯಾಳಿಸುವುದು ಬಿಟ್ಟೆ. ಹುಡುಗರೇ, ಯಂತ್ರ ಕಲಿಯಿರಿ, ನಾಚಿಕೆ ಬೇಡ.

ಒಂದು ವರ್ಷ ನವೆಂಬರ್ ಕೊನೆಯ ಶುಕ್ರವಾರ ಅಂಗಡಿ ಸಾರ್ ಬಂದವರು ರಾಡು ಬಿಚ್ಚಲೇ ಇಲ್ಲ. “ಇವತ್ತ ಬರೇ ತಿರುಗಾಡ್ಸರಿ,” ಎಂದರು. ಒಂದೊಂದು ಮೂಲೆಗೂ ಹೋದೆವು. ಪ್ರತಿಯೊಂದರ ಹೆಸರನ್ನೂ ಕೇಳಿದರು. ಗಾಣದ ಹತ್ತಿರ ಬಂದಾಗ, “ಎಂಜಿನ್ ಬಂದ್ ಮಾಡ್ರಿ,” ಎಂದರು. ಹಿಂಡು ಬೋಟಿನ ಕೆಳಗೇ ಹಾದುಹೋಯಿತು. ಬಗ್ಗಿ ನೋಡುತ್ತಲೇ ಹೇಳಿದರು:

“ಭಾಸ್ಕರಣ್ಣ, ಬರೂ ವರ್ಷಕ್ಕ ಬ್ಯಾರೆ ಜಾಗಾ ನೋಡ್ಕೋರಿ.”

“ಯಾಕೆ ಸಾರ್?”

“ಇದು ಮುಚ್ಚತೈತಿ. ನಕ್ಷೆ ನಮ್ಮ ಆಫೀಸಿಗೆ ಬಂದೈತಿ. ವಿಲ್ಲಾ, ರಸ್ತೆ. ನಾಲ್ಕ ತಿಂಗಳಾತು, ನನ್ನ ಹೊಟ್ಟ್ಯಾಗ ಇಟ್ಕೊಂಡ ತಿರಗಾಕತ್ತೇನಿ. ನಾ ಹೇಳಿದ್ದು ಗೊತ್ತಾದ್ರ ನನ್ನ ಮರುದಿನಾನ ವಿಮಾನ ಹತ್ತಸ್ತಾರ. ಆದ್ರ ನಿಮ್ಮ ಹೊಟ್ಟಿಪಾಡೂ ಐತಲ್ಲ.”

“ನಿಮಗೆ ಎಂತಾದ್ರೂ ಮಾಡ್ಲಿಕ್ಕೆ ಆಗುದಿಲ್ವಾ ಸಾರ್?”

“ಈ ಕಾಂಡ್ಲಾ ಸಾಲು ಉಳಸೂಣು, ಬಾಯಿ ತೆರೆದಿಡೂಣು ಅಂತ ಎರಡ ಸಲ ಬರ‍್ದು ಕೊಟ್ಟೆ. ಮೂರನೇ ಸಲ ಕೊಡಬ್ಯಾಡ ಅಂದ್ರು.”

ನಾನು ಹಿಂತಿರುಗಿ ಬಂದು ಗ್ರಹಾಂ ಅವರಿಗೆ ಹೇಳಿದೆ. ಅವರು ಆ ವಾರವೇ ಎರಡು ಹೊಸ ಬೋಟುಗಳಿಗೆ ಆರ್ಡರ್ ಕೊಡುವವರಿದ್ದರು. ಹೇಳದೆ ಇರುವುದು ಹೇಗೆ? ಯಾರು ಹೇಳಿದರು ಎಂದು ಕೇಳಿದರು. ಜೆಟ್ಟಿಯಲ್ಲಿ ಜನ ಮಾತನಾಡಿಕೊಳ್ಳುತ್ತಿದ್ದಾರೆ ಎಂದೆ.

“ಜೆಟ್ಟಿಯ ಜನ,” ಎಂದು ಗ್ರಹಾಂ ನನ್ನನ್ನೇ ನೋಡಿದರು. “ಈ ಊರಿನಲ್ಲಿ ದಿನಕ್ಕೊಂದು ನಕ್ಷೆ ಬರುತ್ತದೆ ಭಾಸ್ಕರ್. ಇಂಥ ಮಾತು ಗಿರಾಕಿಗಳ ಕಿವಿಗೆ ಬೀಳಬಾರದು.”

ಬೋಟುಗಳು ಬಂದವು. ಮುಂದಿನ ಬೇಸಿಗೆಯಲ್ಲಿ ಖೋರಿನ ಸುತ್ತ ಕೆಂಪು ಬಾವುಟದ ಗೂಟಗಳೂ ಬಂದವು. ಗ್ರಹಾಂ ನನ್ನನ್ನು ಆಫೀಸಿಗೆ ಕರೆದು ಕೂರಿಸಿದರು. ತಾವೇ ಎರಡು ಲೋಟ ಚಹಾ ಮಾಡಿ ಒಂದನ್ನು ನನ್ನ ಮುಂದಿಟ್ಟರು. ಯಾರು ಹೇಳಿದ್ದೆಂದು ಮತ್ತೆ ಕೇಳಲಿಲ್ಲ. “ಹೇಳಿದವರು ಒಳ್ಳೆಯ ಮನುಷ್ಯ,” ಎಂದಷ್ಟೇ ಹೇಳಿ ಚಹಾ ಕುಡಿದರು. ನಾನು ಇನ್ನಷ್ಟು ಒತ್ತಿ ಹೇಳಿದ್ದರೆ ಆ ಬೋಟುಗಳನ್ನು ತರಿಸುತ್ತಿರಲಿಲ್ಲವೋ ಏನೋ. ಆದರೆ ಒತ್ತಿ ಹೇಳಲು ಹೆಸರು ಬೇಕಿತ್ತು, ಹೆಸರು ಕೊಡುವಂತಿರಲಿಲ್ಲ.

ಆ ಚಳಿಗಾಲ ಮೀನು ಎಂದಿನಂತೆ ಒಳಗೆ ಬಂದವು. ಅವು ಬಂದು ಕೆಲವೇ ವಾರಗಳಲ್ಲಿ ಲಾರಿಗಟ್ಟಲೆ ಬಂಡೆ ತಂದು ಸುರಿದು ಖೋರಿನ ಬಾಯಿಗೆ ಕಟ್ಟೆ ಹಾಕಿದರು. ಹಿಂಡುಗಳು ಒಳಗೇ ಉಳಿದವು. ಮುಂದಿನ ವಾರ ಪೈಪುಗಳಿಂದ ಮರಳು ಸುರಿಯುವುದಿತ್ತು.

ಅಂಗಡಿ ಸಾರ್ ಫೋನ್ ಮಾಡಿದರು. “ಶುಕ್ರವಾರ ಬೆಳಿಗ್ಗೆ ಕಟ್ಟೀ ಹತ್ರ ಬರ್ರಿ. ಎರಡ ರಾಡು, ಇದ್ದಷ್ಟು ಬಕೀಟು ತರ‍್ರಿ.”

ಹೋದೆ. ಕಾವಲಿನ ನೇಪಾಳಿ, ಅಂಗಡಿ ಸಾರ್ ಅವರ ಪಾಸ್ ನೋಡಿ ಸಲಾಂ ಹೊಡೆದು ನಮ್ಮನ್ನು ಒಳಗೆ ಬಿಟ್ಟ. ಅವರು ಪ್ಯಾಂಟು ಮಡಚಿ ಕಟ್ಟೆಯ ಒಳಬದಿಯ ಬಂಡೆಯ ಮೇಲೆ ನಿಂತು ಎಸೆಯತೊಡಗಿದರು. ಮೊದಲ ಮೀನು ಸಿಕ್ಕಿದಾಗ ನನಗೆ ಅವರ ಯೋಚನೆ ಅರ್ಥವಾಯಿತು. ಗಾಳ ಬಿಡಿಸಿ, ಮೀನನ್ನು ನೀರು ತುಂಬಿದ ಬಕೀಟಿನಲ್ಲಿ ಹಾಕಿಕೊಂಡು, ಕಟ್ಟೆ ಹತ್ತಿ ಇಳಿದು ಹೊರಗಿನ ಕಡಲಿಗೆ ಬಿಟ್ಟೆ. ವಾಪಸು ಬರುವಷ್ಟರಲ್ಲಿ ಇನ್ನೊಂದು ಸಿಕ್ಕಿತ್ತು.

ಅಂದು ಅರ್ಧ ದಿನದ ಕೆಲಸಕ್ಕೆ ಬಂದಿದ್ದ ಕೂಲಿಕಾರರು ಬಿಡುವಾದ ಮೇಲೆ ನಮ್ಮನ್ನು ನೋಡುತ್ತ ನಿಂತರು. ಎಂಜಿನಿಯರ್ ಸಾಹೇಬರಿಗೆ ತಲೆ ಕೆಟ್ಟಿದೆ ಎಂದೇ ಮೊದಲು ಅಂದುಕೊಂಡಿರಬೇಕು. ಆಮೇಲೆ ಒಬ್ಬ ಬಿಹಾರದವನು ಬಂದು ನನ್ನ ಕೈಯಿಂದ ಬಕೀಟು ತೆಗೆದುಕೊಂಡ. ಅವನ ಹಿಂದೆ ಇನ್ನಿಬ್ಬರು. ಬಂಡೆಗಳ ಮೇಲೆ ಸಾಲಾಗಿ ನಿಂತು ಕೈಯಿಂದ ಕೈಗೆ ಬಕೀಟು ದಾಟಿಸಿದರು. ಸಂಜೆಯಾದಾಗ ಆ ಬಿಹಾರದವನು ಹಿಂಜರಿಯುತ್ತ, “ಸಾಬ್, ಏಕ್ ಹಮ್ ಲೋಗೋಂ ಕೋ?” ಎಂದು ಕೇಳಿದ.

ಮೀನು ಮುಟ್ಟಿದ ಕೈಯನ್ನು ಪ್ರತಿ ಸಲ ನಿಂಬೆಹಣ್ಣಿನಲ್ಲಿ ತಿಕ್ಕುತ್ತಿದ್ದ ಅಂಗಡಿ ಸಾರ್ ಬಕೀಟಿನಲ್ಲಿದ್ದ ದೊಡ್ಡ ಎರಡನ್ನು ತಾವೇ ಎತ್ತಿ ಅವನ ಕೈಗಿಟ್ಟರು. “ಚಲೋ ಅಡಗಿ ಮಾಡ್ಕೊಂಡ ಉಣ್ರಿ,” ಎಂದು ಕನ್ನಡದಲ್ಲೇ ಹೇಳಿದರು. ಅವನಿಗೆ ಅರ್ಥವಾಯಿತು.

ಎಷ್ಟು ಮೀನು ದಾಟಿಸಿದೆವೋ ಲೆಕ್ಕವಿಡಲಿಲ್ಲ. ಒಳಗೆ ಉಳಿದದ್ದೇ ಹೆಚ್ಚು. ಕತ್ತಲಾಗುವ ಮೊದಲು ಇಬ್ಬರೂ ಕಟ್ಟೆಯ ಹೊರಬದಿಗೆ ಇಳಿದು ನೋಡಿದೆವು. ನಾವು ಬೆಳಿಗ್ಗೆಯಿಂದ ಬಿಟ್ಟ ಮೀನುಗಳು ಕಡಲಿಗೆ ಹೋಗಿರಲಿಲ್ಲ. ಬಂಡೆಗಳಿಗೆ ಮೂತಿಯಿಟ್ಟು, ಮುಚ್ಚಿದ ಬಾಯಿಯ ಕಡೆಗೇ ಮುಖ ಮಾಡಿ, ಒತ್ತೊತ್ತಾಗಿ ನಿಂತಿದ್ದವು.

“ಇವಕ್ಕ ಯಾರು ಹೇಳ್ತಾರ್ರಿ ಈಗ?” ಎಂದರು ಅಂಗಡಿ ಸಾರ್. ಆಮೇಲೆ ಬಂಡೆಯ ಮೇಲೆ ಕೂತುಬಿಟ್ಟರು. ಸೂರ್ಯ ಮುಳುಗುವವರೆಗೆ ಏಳಲಿಲ್ಲ.

ಆ ಕಟ್ಟೆಯ ಹೊರಬದಿ ನಮ್ಮ ಜೆಟ್ಟಿಗೆ ಆ ವರ್ಷ ದೊಡ್ಡ ಹೆಸರು ತಂದಿತು. ಹೊರಗಿನಿಂದ ತಡವಾಗಿ ಬಂದ ಹಿಂಡುಗಳೂ ಅಲ್ಲೇ ಬಂದು ಸೇರಿಕೊಂಡವು. ಎಸೆದರೆ ಸಿಗುತ್ತಿತ್ತು. ಮೊದಲ ಸಲ ರಾಡು ಹಿಡಿದವರಿಗೂ ಸಿಗುತ್ತಿತ್ತು. ನನ್ನ ಪೆಟ್ಟಿಗೆಯ ಫೋಟೋಗಳಲ್ಲಿ ಅತಿ ಹೆಚ್ಚು ನಗುಮುಖಗಳು ಆ ಋತುವಿನವು. ಗಿರಾಕಿಗಳನ್ನು ಅಲ್ಲಿಗೆ ಒಯ್ಯಲಾರೆ ಎಂದು ಗ್ರಹಾಂ ಅವರಿಗೆ ಹೇಳಬೇಕೆಂದು ದಿನವೂ ಬೆಳಿಗ್ಗೆ ಅಂದುಕೊಳ್ಳುತ್ತಿದ್ದೆ. ಆದರೆ ಎರಡು ಹೊಸ ಬೋಟುಗಳು ಕಣ್ಣೆದುರಿಗೇ ಕಟ್ಟಿರುತ್ತಿದ್ದವು, ದಿನವೂ ಒಯ್ದೆ. ಗ್ರಹಾಂ ಕೂಡ ಯಾರ ಜೊತೆಯೂ ಆ ಮೀನುಗಳ ಬಗ್ಗೆ ಜಂಬ ಕೊಚ್ಚಲಿಲ್ಲ.

ಮುಂದಿನ ನವೆಂಬರಿಗೆ ಖೋರು ಇದ್ದ ಜಾಗ ಬೆಳ್ಳಗೆ, ಮಟ್ಟಸವಾಗಿ, ರೋಲರ್ ಓಡಾಡುವ ನೆಲವಾಗಿತ್ತು. ಅಂಗಡಿ ಸಾರ್‌ಗೆ ಕತಾರಿಗೆ ವರ್ಗವಾಗಿತ್ತು. ಹೊರಡುವ ಮೊದಲಿನ ಶುಕ್ರವಾರ ಜೆಟ್ಟಿಗೆ ಬಂದರು; ಜೊತೆಗೆ ಮಗಳು. ಅವರಿಗೆ ಮಗಳಿದ್ದಾಳೆಂದು ಗೊತ್ತಿತ್ತು, ನೋಡಿದ್ದು ಅದೇ ಮೊದಲು. ಹನ್ನೊಂದೋ ಹನ್ನೆರಡೋ ವರ್ಷದ ಹುಡುಗಿ, ಸ್ಮಿತಾ.

“ಪ್ರತಿ ವರ್ಷ ನಾನೂ ಬರ್ತೇನಿ ಅಂತ ಅಳ್ತಿದ್ಲು,” ಎಂದರು ತಗ್ಗಿದ ದನಿಯಲ್ಲಿ. “ಸಣ್ಣಾಕಿ ಅದಿ, ಬರೂ ವರ್ಷ, ಬರೂ ವರ್ಷ ಅನ್ಕೋತ ಬಂದೆ.”

ಬೋಟು ಇಳಿಸಿದೆ. ಬೇರೆಲ್ಲಿಗೆ ಹೋಗುವುದು? ಕಟ್ಟೆಯ ಹೊರಬದಿಗೇ ಹೋದೆವು. ಬೆಳಗಿನ ಚಳಿ ಹದವಾಗಿತ್ತು, ನೀರು ತಿಳಿಯಾಗಿತ್ತು. ಹುಡುಗಿ ಚುರುಕು, ಎರಡು ಸಲ ತೋರಿಸಿದ ಮೇಲೆ ಮೂರನೆಯ ಎಸೆತ ನೆಟ್ಟಗೆ ಬಿತ್ತು. ಅಪ್ಪ ಕನ್ನಡದಲ್ಲಿ ಹೇಳಿದ್ದಕ್ಕೆಲ್ಲ ಇಂಗ್ಲಿಷಿನಲ್ಲಿ ಉತ್ತರಿಸುತ್ತ, ಎಸೆದು, ಸುತ್ತಿ, ಮತ್ತೆ ಎಸೆದಳು.

ಒಂದು ಮೀನೂ ಇರಲಿಲ್ಲ. ಹಿಂದಿನ ವರ್ಷ ಬಂಡೆಗೆ ಮೂತಿಯಿಟ್ಟು ನಿಂತಿದ್ದ ಮೀನುಗಳು ಆ ದಾರಿಯಲ್ಲಿ ಮತ್ತೆ ಬರಲಿಲ್ಲ. ನೀರಿನ ಮೇಲೊಂದು ಸುಳಿ ಕೂಡ ಏಳಲಿಲ್ಲ.

ಬಿಸಿಲು ಏರಿತು. ಹುಡುಗಿ ರಾಡನ್ನು ಕೆಳಗಿಡದೆ ನನ್ನ ಕಡೆ ತಿರುಗಿದಳು. “ಅಂಕಲ್, ವೆನ್ ವಿಲ್ ದೇ ಕಮ್?”

ಅಂಗಡಿ ಸಾರ್ ಆ ಬಿಳಿ ನೆಲದ ಕಡೆ ನೋಡುತ್ತಿದ್ದವರು ಕಣ್ಣು ಕೀಳಲಿಲ್ಲ.

“ಬರ್ತವೆ ಮಗಾ,” ಎಂದೆ. “ಇನ್ನೊಮ್ಮೆ ಎಸಿ.”

ಅವಳು ಎಸೆದಳು.